ಮುಂದಿನ ಗಾಲಿಯ ಮಾಸ್ತರು

ನಮ್ಮ ಸೈನ್ಸ್ ಮಾಸ್ತರು ತೀರಿಕೊಂಡ ಮ್ಯಾಲೆ ಸವಣೂರಿನ ಸಾಲಿಯೊಳಗ ಒಂದು ಸಂತಾಪ ಸಭಾ ಮಾಡಿದ್ರು. ನಾನೂ ಹೋಗಿದ್ದೆ. ಒಬ್ಬರಾದ ಮ್ಯಾಲೆ ಒಬ್ಬರು ಎದ್ದು ನಿಂತು 'ಶಾಂತಮೂರ್ತಿ', 'ಮಿತಭಾಷಿ', 'ಅಜಾತಶತ್ರು' ಅಂತ ಹೊಗಳಿದ್ದ ಹೊಗಳಿದ್ದು. ಹಿಂದ ಕುಂತು ಕೇಳಾಕತ್ತಿದ್ದ ನನಗ, ಇವರು ಯಾರ ಸುದ್ದಿ ಮಾತಾಡಾಕತ್ತಾರಪ್ಪಾ, ನಾ ಬ್ಯಾರೆ ಯಾರದರ ಸಭಾಕ್ಕ ಬಂದು ಕುಂತೇನೇನು ಅಂತ ಅನುಮಾನ ಬಂತು. ಶಾಂತಮೂರ್ತಿ ಅಂತ! ಡಸ್ಟರ್ ಒಗದು ಸಾಲಿ ಕಿಡಕಿ ಗ್ಲಾಸು ಒಡದ ಮನುಷ್ಯಾ. ಮಿತಭಾಷಿ ಅಂತ! ಅವರ ಮಾತು ನಿಲ್ಲಬೇಕಂದ್ರ ಬಾಯಾಗ ಚೂಡಾದಂಥಾ ಸವಣೂರ ಖಾರಾ ತುಂಬಬೇಕಿತ್ತು, ತುಂಬಿದ್ರೂ ಅದರ ಸಂದ್ಯಾಗಿಂದ ಮಾತಾಡ್ತಿದ್ರು. ಅಜಾತಶತ್ರು ಅನ್ನೂದಂತೂ ಬಿಟ್ಟಬಿಡ್ರಿ. ಮಠದ ಓಣಿಯೊಳಗ ಅರ್ಧ ಮಂದಿ ಅವರ ಸಂಗತೀಲೆ ಮಾತು ಬಿಟ್ಟಿದ್ರು, ಉಳಿದರ್ಧ ಮಂದಿ ಸಂಗತೀಲೆ ಅವರೇ ಮಾತು ಬಿಟ್ಟಿದ್ರು.

ನೀವೂ ನಾಕು ಮಾತು ಆಡ್ರಿ ಅಂದ್ರು. ನಾ ಒಲ್ಲೆ ಅಂದೆ. ನಾ ಬಾಯಿ ತಗದಿದ್ರ ಸಭಾ ಕೆಡತಿತ್ತು. ಅಲ್ಲಿ ಆಡದ ಮಾತು ಇಲ್ಲಿ ಬರಿಯಾಕತ್ತೇನಿ.

ನಾನು ಅಬಲೂರು ಕಡಿಯವ, ಒಕ್ಕಲುತನದ ಮನಿಯವ. ಡ್ರಾಯಿಂಗ್ ಮಾಸ್ತರಂತ ಸವಣೂರ ಸಾಲಿಗೆ ಬಂದ ಹೊಸದರಾಗ ಎಲ್ಲಾರೂ 'ಬರ್ರಿ, ಕುಂಡ್ರಿ' ಅಂದ್ರ, ಈ ಮನುಷ್ಯಾ ನನ್ನ ಮೈ ಎಲ್ಲಾ ಒಮ್ಮೆ ನೋಡಿ, "ಇಷ್ಟು ಬಡಕಲು ಇದ್ದೀರಿ, ಗಾಳಿ ಬಂದ್ರ ಹ್ಯಾಂಗ?" ಅಂತ ಕೇಳಿದ್ರು. ಆಮ್ಯಾಲೆ ಕಿಸೇದಾಗಿಂದ ಒಂದು ಹಿಡಿ ಖಾರಾ ತಗದು ನನ್ನ ಅಂಗೈಗೆ ಸುರುವಿದ್ರು. ಅವತ್ತಿನಿಂದ ನಮ್ಮದು ಸ್ನೇಹ.

ಕಚ್ಚಿ ಧೋತರ, ಕರೀ ಟೊಪಗಿ, ಮೊಣಕೈ ಹರಿದ ಕೋಟು. ಹಣಿ ಮ್ಯಾಲೆ ಕರೀ ಅಂಗಾರ, ಅಕ್ಷಂತಿ, ಅದರ ಕೆಳಗ ಮೂಗಿಗೆ ಗ್ರೀಸು. ಮುಂದ ಮನಿಗೆ ಮೋಟಾರು ಬಂದ ಮ್ಯಾಲೆ ಅಂಗಾರ ಯಾವುದು, ಗ್ರೀಸು ಯಾವುದು ಅಂತ ತಿಳೀದಂಗಾತು. ಅವರಿಗೆ ಒಂದು ಮಾತಿನ ಚಟ ಇತ್ತು. ಏನ ಕೇಳ್ರಿ, "ಮೊದಲ ಜಗ್ಗೂದು ಯಾವುದು ಅದನ್ನ ನೋಡ್ರಿ" ಅಂತಿದ್ರು. ಹೆಡ್‌ಮಾಸ್ತರು ಸುಮ್ಮಸುಮ್ಮನ ಯಾಕ ಸಿಟ್ಟಾದ್ರು? ಜಗ್ಗೂದು ಯಾವುದು ನೋಡ್ರಿ, ಮನಿಯೊಳಗ ಹೆಂಡತಿ. ಹತ್ತಿ ರೇಟು ಯಾಕ ಇಳೀತು? ಜಗ್ಗೂದು ನೋಡ್ರಿ. ಲಗ್ನ ಆಗಿರಲಿಲ್ಲ. ಹೆಣ್ಣು ಯಾರೂ ಕೊಡಲಿಲ್ಲ ಅಂತ ಓಣಿ ಮಂದಿ, ನಾ ಕೇಳಲಿಲ್ಲ ಅಂತ ಅವರು.

ಮನಿಯೊಳಗ ಇದ್ದವರು ಇಬ್ಬರ. ಮಾಸ್ತರು, ಮತ್ತ ಅವರ ಸೋದರತ್ತಿ. ಎಲ್ಲಾರೂ ಅವರಿಗೆ ಅತ್ಯಾ ಅಂತಿದ್ವಿ. ತಾಯಿಲ್ಲದ ಮಾಸ್ತರನ್ನ ಸಾಕಿ ದೊಡ್ಡವರನ್ನ ಮಾಡಿದವರು ಅವರ. ತಿಳಿವಳಿಕಿ ಬರೂಕಿಂತ ಮೊದಲ ಗಂಡನ್ನ ಕಳಕೊಂಡು ತವರಮನಿಗೆ ಬಂದವರು. ಕೆಂಪು ಸೀರಿ, ಬೋಳಿಸಿದ ತಲಿ ಮ್ಯಾಲೆ ಸೆರಗು, ಮಡಿ, ಮೈಲಿಗಿ, ಏಕಾದಶಿ ಒಂದೂ ತಪ್ಪಂಗಿಲ್ಲ. ಮೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. "ನಿನ್ನ ಸೈನ್ಸಿಗೆ ಬೆಂಕಿ ಹಚ್ಚಲಿ" ಅಂತ ಅವರು ಅಡಗಿಮನಿಯಾಗಿಂದ ಒದರಿದ್ರ ಓಣಿ ತುದಿಗೆ ಕೇಳತಿತ್ತು.

ಇಂಥಾ ಹುಲಿಯಂಥಾ ಹೆಣ್ಣಮಗಳು, ಮಾಸ್ತರು ಸಾಲಿಗೆ ಹೊಂಡೂ ಹೊತ್ತಿಗೆ ಅಡಗಿಮನಿ ಬಾಗಲಾ ಮುಚ್ಕೊಂಡು ಒಳಗ ನಿಂದರತಿದ್ರು. ಹೊಂಟವರಿಗೆ ವಿಧವಿ ಎದುರಾಗಬಾರದಂತ. ಮಾಸ್ತರು ದಿನಾ ಹೋಗಿ ಬಾಗಲಾ ಬಡೀತಿದ್ರು.

"ಅತ್ಯಾ, ಹೊರಗ ಬಾ. ನಿನ್ನ ಮಾರಿ ನೋಡಿ ಹೋಗ್ತೀನಿ."

"ಹೋಗೋ ಹೋಗು. ಬರೂ ಮುಂದ ನೋಡೀಯಂತ. ಹೊಂಡೂ ಮುಂದ ನನ್ನ ಮಾರಿ ಯಾಕ?"

"ನಿನ್ನ ಮಾರಿ ನೋಡಿದ್ರ ನನಗೇನು ಹುಲಿ ತಿಂತದೇನು?"

"ಹುಲಿ ತಿಂದ್ರ ತಿನ್ಲಿ, ನನ್ನ ಹೆಸರು ಬರೂದು ಬ್ಯಾಡ."

ಬಾಗಲಾ ತಗೀತಿದ್ದಿಲ್ಲ. ಊರ ಮಂದಿನ್ನೆಲ್ಲಾ ಜಗಳಾಡಿ ಮಣಿಸಿದ ಮಾಸ್ತರು ಆ ಬಾಗಲಾ ಮುಂದ ಮಾತ್ರ ಸೋತು ಸಾಲಿಗೆ ಬರ್ತಿದ್ರು. ಬಂದ ಕೂಡ್ಲೆ ಹುಡುಗರ ಮ್ಯಾಲೆ ಡಸ್ಟರ್ ಒಗೀತಿದ್ರು.

ಅತ್ಯಾಗ ಕಣ್ಣಿಗೆ ಪೊರಿ ಬರಾಕತ್ತಿತ್ತು. ಮೊದಲ ಅನ್ನದಾಗ ಹರಳು ಸಿಗಾಕತ್ತಿದ್ವು. ಆಮ್ಯಾಲೆ ಸಾರಿನಾಗ ಉಪ್ಪಿನ ಬದಲು ಸಕ್ಕರಿ ಬಂತು. ಮಾಸ್ತರು ಅದನ್ನ ಸುಮ್ಮನ ಉಂಡ್ರು. ಅವರು ಸುಮ್ಮನ ಉಂಡ್ರಂದ್ರ ವಿಷಯ ದೊಡ್ಡದಾಗೇತಿ ಅಂತ ನನಗ ತಿಳೀತು. ಶಿಗ್ಗಾಂವಿಗೆ ವರ್ಷಕ್ಕೊಮ್ಮೆ ಪರಊರಿನ ಕಣ್ಣಿನ ಡಾಕ್ಟರು ಬಂದು ಸಾಲಿಯೊಳಗ ಶಿಬಿರ ಹಾಕಿ ಆಪರೇಷನ್ ಮಾಡ್ತಿದ್ರು. ಹೆಂಗೋ ಬೇಡಿಕೊಂಡು ಮಾಸ್ತರು ಅತ್ಯಾನ್ನ ಒಪ್ಪಿಸಿ ಮುಂಜಾನಿ ಮೊದಲಿನ ಬಸ್ಸಿಗೆ ಕರಕೊಂಡು ಹೋದ್ರು. ಅತ್ಯಾ ಬಸ್ಸಿನ ಮೆಟ್ಟಿಲಕ್ಕ ಕಾಲಿಟ್ಟಿದ್ದಿಲ್ಲ, ಕಂಡಕ್ಟರ ಕೈ ಅಡ್ಡ ಹಿಡದು, "ಅಮ್ಮಾರ, ಒಂದೀಟು ತಡೀರಿ. ಬೋಣಿ ಆಗಿಲ್ಲ. ಮೊದಲ ಯಾರರ ಮುತ್ತೈದಿ ಹತ್ತಲಿ" ಅಂದ. ಅತ್ಯಾ ಕಾಲು ಹಿಂದ ತಗೊಂಡು, ತಿರುಗಿ, ಮನಿಗೆ ನಡದ್ರು. ಮಾಸ್ತರು ಆ ಕಂಡಕ್ಟರನ ಕೊರಳಪಟ್ಟಿ ಹಿಡದು ಅವನ ಏಳು ತಲಿಮಾರು ಉದ್ಧಾರ ಮಾಡಿದ್ರು, ಆ ಮಾತು ಬ್ಯಾರೆ. ಅತ್ಯಾ ಮಾತ್ರ ಅವತ್ತು ಯಾರಿಗೂ ಒಂದು ಬೈಗಳಾ ಬೈಲಿಲ್ಲ. ಮಾಸ್ತರಿಗೆ ತಡಕೊಳ್ಳಾಕ ಆಗದ್ದು ಅದ.

ಆ ವರ್ಷದ ಶಿಬಿರ ಹಂಗ ಹೋತು. ಇನ್ನೊಂದು ವರ್ಷಕ್ಕ ಮಾಡಿಸಲಿಲ್ಲಂದ್ರ ಆಮ್ಯಾಲೆ ನನ್ನ ಕೈಲೆ ಏನೂ ಆಗೂದಿಲ್ಲ ಅಂತ ಡಾಕ್ಟರು ಹೇಳಿ ಕಳಿಸಿದ್ರು. ಚಕ್ಕಡಿಯೊಳಗ ಹೋಗಾಕ ಬರ್ತಿತ್ತು, ಆದ್ರ ತಿರುಗಿ ಬರೂದು ಹೆಂಗ? ಹೊಲಿಗಿ ಹಾಕಿದ ಕಣ್ಣಿಗೆ ಜರ್ಕು ಆಗಬಾರದು, ಆ ರಸ್ತೆದಾಗ ಚಕ್ಕಡಿ ಅಂದ್ರ ಹಲ್ಲು ಸೈತ ಸಡಲತಿದ್ವು.

ಮಾಸ್ತರು ಏನು ಮಾಡಿದ್ರು? ತಮ್ಮ ಪಾಲಿಗೆ ಬಂದ ಎಲಿಬಳ್ಳಿ ತ್ವಾಟ ಮಾರಿ ಒಂದು ಮೋಟಾರು ತಂದ್ರು! ಪಾಲಾಗಿ ಬ್ಯಾರೆ ಇದ್ದ ಅಣ್ಣತಮ್ಮಂದಿರು ಮಾತು ಬಿಟ್ಟದ್ದು ಆವಾಗ. ಫ್ರಾನ್ಸ್ ದೇಶದ ಹಳೇ ಕರೀ ಗಾಡಿ, ಹುಬ್ಬಳ್ಳಿಯ ಯಾರೋ ಹತ್ತಿ ವ್ಯಾಪಾರಿ ಬ್ಯಾಡಾಗಿ ಬಿಟ್ಟದ್ದು. ಅದರ ಗೇರಿನ ಹಿಡಿಕಿ ಎದುರಿನ ಹಲಿಗಿಯೊಳಗಿಂದ ಹೊರಗ ಬಂದಿತ್ತು. ಎಲ್ಲಾ ಮೋಟಾರಿನಾಗ ಎಂಜಿನ್ ತಿರುಗಸೂದು ಹಿಂದಿನ ಗಾಲಿ, ಇದರಾಗ ಮುಂದಿನ ಗಾಲಿ. ಲಾರಿ ಡ್ರೈವರುಗಳು ಬಂದು ನೋಡಿ ನೋಡಿ ನಕ್ಕರು. ನಮ್ಮ ರೈತ ಮಂದಿ ನಗಲಿಲ್ಲ. "ಎತ್ತೂ ಮುಂದ ನಿಂತ ಜಗ್ಗತಾವಲ್ರಿ, ಇದರಾಗ ಏನು ವಿಶೇಷ?" ಅಂದ್ರು.

ವಿಶೇಷ ಏನಂತ, ಮಾಸ್ತರು ನಾನು ಇಬ್ಬರ ಓಡಿಸಿ ನೋಡಾಕ ಹೋದಾಗ, ಶಿಗ್ಗಾಂವಿ ದಾರಿಯ ಹಳ್ಳದಾಗ ತಿಳೀತು. ಹಳ್ಳಕ್ಕ ಇಳದು ಏರಬೇಕು, ಎರಿ ಮಣ್ಣು, ಮ್ಯಾಲೆ ಮಳಿ ಬಿದ್ದಿತ್ತು. ಅರ್ಧ ಏರಿಗೆ ಹೋಗಿದ್ದಿಲ್ಲ, ಮುಂದಿನ ಗಾಲಿ ಜಾರಿದ್ವು, ಹಿಡದ್ವು, ಮತ್ತ ಜಾರಿದ್ವು. ಮೋಟಾರಿನ ಮೂತಿ ಧಡ್ ಧಡ್ ಧಡ್ ಅಂತ ಜಿಗ್ಯಾಕ ಸುರು ಮಾಡ್ತು. ಒಳಗ ಕುಂತ ನನ್ನ ತಲಿ ಮ್ಯಾಲಿನ ಟಪ್ಪಕ್ಕ ಬಡದು ಟೊಪಗಿ ಕಣ್ಣಮಟ ಇಳೀತು. ಹೊಲದಾಗಿದ್ದ ಮಂದಿ ಪಾಪ ಓಡಿ ಬಂದು, ಜೀಪಿಗೆ ಮಾಡೂ ರೂಢಿಯಂಗ ಹಿಂದ ಜೋತು ಬಿದ್ದು ಭಾರ ಹಾಕಿದ್ರು. ಮೂತಿ ಮತ್ತಷ್ಟು ಮ್ಯಾಲೆ ಎದ್ದು ಮತ್ತಷ್ಟು ಜಿಗೀತು.

"ಇಳೀರೋ ಹಿಂದಿಂದ! ಮುಂದ ಬರ್ರಿ! ಬಾನೆಟ್ ಮ್ಯಾಲೆ ಕೂಡ್ರಿ!" ಅಂತ ಮಾಸ್ತರು ಒದರಿದ್ರು. ಒಬ್ಬಾಂವ ನಂಬಿ ಕುಂತ. ಕಾದ ಹಂಚಿನಂಥಾ ಬಾನೆಟ್. ಕುಂತಷ್ಟ ಜಲ್ದಿ ಎದ್ದು ಹಳ್ಳದ ನೀರಿಗೆ ಜಿಗದ. ಆಮ್ಯಾಲೆ ನಮಗ ನೂಕಾಕ ಯಾರೂ ಬರಲಿಲ್ಲ.

ಮರುದಿನ ನನ್ನ ಡ್ರಾಯಿಂಗ್ ಕ್ಲಾಸಿನ ನಡುವ ಒಳಗ ನುಗ್ಗಿ, ಬೋರ್ಡಿನ ಮ್ಯಾಲೆ ಸುಣ್ಣದ ಕಡ್ಡಿ ನೆಟ್ಟಗ ಹಿಡದು ಮುಂದಕ್ಕ ತಳ್ಳಿದ್ರು. ಕಡ್ಡಿ ಕಿರ್ರ್ ಅಂತ ಜಿಗದು ಚುಕ್ಕಿ ಚುಕ್ಕಿ ಗೆರಿ ಬಂತು. "ನೋಡ್ರಿ, ಇದ ನಮ್ಮ ಮೋಟಾರು! ಕಡ್ಡಿ ಬೋರ್ಡಿಗೆ ಹತ್ತತದ, ಬಾಗತದ, ಸಾಕಾಗಿ ಬಿಡತದ, ಮತ್ತ ಹತ್ತತದ. ಹಿಡದ ಬೆರಳು ಸಡ್ಲ ಇದ್ರ ಜಿಗೀತದ, ಬಿಗಿ ಹಿಡದ್ರ ಜಿಗ್ಯಾಂಗಿಲ್ಲ. ಎಂಜಿನ್ ಕೂಡೂ ರಬ್ಬರು ಸವದು ಸಡ್ಲಾಗ್ಯಾವ!" ಅಂದು, ಕಡ್ಡಿ ಹುಡುಗರ ಕಡೆ ಒಗದು ಹೋದ್ರು. ಆ ದಿನ ನಾ ಮಾವಿನಕಾಯಿ ಚಿತ್ರ ಕಲಿಸಬೇಕಿತ್ತು. ಹುಡುಗರು ತಾಸಿಡೀ ಚುಕ್ಕಿ ಗೆರಿ ಹೊಡದ್ರು.

ಪ್ಯಾಟಿಯೊಳಗ ಚಪ್ಪಲಿ ಹೊಲಿಯೂ ಮುದುಕನ ಹತ್ರ ಕುಂತು ಲಾರಿ ಟಾಯರಿನ ರಬ್ಬರು ಕೊಯ್ಸಿದ್ರು. ದಿನಾ ಸಂಜಿಕ ಅಲ್ಲೇ ಚಹಾ. ಮಠದ ಓಣಿಯ ಹಿರಿಯರು ಬಂದು "ಆಚಾರ್ರ ಮನಿಯವರು ಇಲ್ಲಿ ಕೂಡಬಹುದೇನು?" ಅಂತ ಕೇಳಿದ್ರ, "ನಿಮ್ಮ ಮನಿಯೊಳಗ ರಬ್ಬರು ಕೊಯ್ಯವರು ಇದ್ರ ಹೇಳ್ರಿ, ಅಲ್ಲೇ ಬಂದು ಕೂಡ್ತೀನಿ" ಅಂದ್ರು. ಆ ರಬ್ಬರು ಎಂಜಿನ್ ಕೆಳಗ ಹಾಕಿ ಬಿಗದ ಮ್ಯಾಲೆ ಜಿಗತ ಅರ್ಧಕ್ಕ ಅರ್ಧ ಕಡಿಮಿ ಆತು. ಟಾಯರಿನ ಗಾಳಿ ಒಂದೀಟು ಇಳಿಸಿದ್ರು, ಅಗಲಾಗಿ ನೆಲಾ ಹಿಡೀಲಿ ಅಂತ. ಇನ್ನೀಟು ಕಡಿಮಿ ಆತು.

ಎಕ್ಸಿಲೇಟರ್ ಒಮ್ಮೆಲೆ ಒತ್ತಿದ್ರ ಗಾಲಿ ಜಾರತಾವ, ಹಗೂರ ಒತ್ತಬೇಕು. ಸಿಡುಕಿನ ಮನುಷ್ಯಾಗ ಹಗೂರ ಎಲ್ಲಿಂದ ಬರಬೇಕು? ಅದಕ್ಕ ಸಂತಿಯಾಗಿಂದ ಹಣ್ಣಾದ ಟೊಮೆಟೊ ತಂದು, ಖುರ್ಚಿ ಕೆಳಗ ಬರಿಗಾಲಿನ ಬುಡಕ ಇಟ್ಕೊಂಡು, ಒಡೀದಂಗ ಒತ್ತಿ ಒತ್ತಿ ಅಭ್ಯಾಸ ಮಾಡ್ತಿದ್ರು. ಆ ಮನಿಯೊಳಗ ಟೊಮೆಟೊ ತಿನ್ನಂಗಿರಲಿಲ್ಲ, ನಿಷಿದ್ಧ. ತುಳ್ಯಾಕ ಅಡ್ಡಿ ಇರಲಿಲ್ಲ. ಪರೀಕ್ಷಾ ಪೇಪರ್ ತಿದ್ದೂ ಮುಂದ ಮಾತ್ರ ಎಲ್ಲಾ ಒಡದ್ವು.

ಇಷ್ಟೆಲ್ಲಾ ಮಾಡಿದ್ರೂ ಆ ಹಳ್ಳದ ಏರಿನಾಗ, ಅದೂ ಹಿಂದಿನ ಸೀಟಿನಾಗ ಅತ್ಯಾ ಇದ್ದಾಗ, ಮೂತಿ ಜಿಗ್ಯೂದು ನಿಲ್ಲವಲ್ದು. ಅತ್ಯಾ ಹಿಂದ ಕುಂಡ್ರೂದು ಅಂತ ಮೊದಲ ದಿನನ ಠರಾವು ಆಗಿತ್ತು. ವಿಧವಿ ಮುಂದ ಕುಂತು ಊರಾಗ ಹಾದು ಹೋಗೂದು ಅಂದ್ರೇನು! ಹಿಂದಿನ ಗ್ಲಾಸಿಗೆ ಪರದೆ ಸೈತ ಕಟ್ಟಿಸಿಕೊಂಡಿದ್ರು. ಅತ್ಯಾನ ಭಾರ ಎಲ್ಲಾ ಹಿಂದ, ಜಗ್ಗೂ ಗಾಲಿ ಮುಂದ. ನಾ ಒಂದ ಸಲ, "ಮಾಸ್ತರ, ಅತ್ಯಾನ್ನ ಮುಂದ..." ಅನ್ನಾಕತ್ತಿದ್ದೆ. "ನಿಮ್ಮ ಬಾಯಿ ಮುಚ್ಚತೀರೇನು?" ಅಂದ್ರು. ಮುಚ್ಚಿದೆ.

ಶಿಬಿರದ ದಿನ ಬಂತು. ದೀಪಾವಳಿ ಆದ ಮ್ಯಾಲೆ ಬರಬಾರದ ಮಳಿ, ಹಿಂದಿನ ದಿನ ಹೊಡದಿತ್ತು. ಮಧ್ಯಾಹ್ನದೊಳಗ ಮುಟ್ಟಬೇಕು, ಆಪರೇಷನ್ ಮಾಡೂದು ಅವತ್ತ ಕಡೇ ದಿನ. ಮಾಸ್ತರು ಹೊಸಾ ಉಪಾಯ ಮಾಡಿದ್ರು. ನನ್ನಂಥಾ ಬಡಕಲು ಕುಂತ್ರ ಉಪಯೋಗಿಲ್ಲಂತ ಮುಂದಿನ ಸೀಟಿನ ಮ್ಯಾಲೆ ಏನೋ ಭಾರದ್ದು ಇಟ್ಟು, ಹಗ್ಗಾ ಬಿಗದು, ಮ್ಯಾಲೆ ಬಿಳೇ ಧೋತರ ಹೊಚ್ಚಿದ್ರು. ಹಿಂದ ಅತ್ಯಾ ಮಡೀಲೆ ಕುಂತ್ರು. ಅವರ ಮಗ್ಗಲಕ್ಕ ನಾ ಕುಂಡ್ರೂದು ಅಂದ್ರ ಮೈಲಿಗಿ, ಅದಕ್ಕ ನಾ ಸೈಕಲ್ ಮ್ಯಾಲೆ. ಆ ರಸ್ತೆದಾಗ ಮೋಟಾರಿನಕಿಂತ ನಾನ ಮುಂದ ಇದ್ದೆ, ಅದನ್ನೂ ಹೇಳಿಬಿಡ್ತೇನಿ.

ಹಳ್ಳದ ಏರಿನಾಗ ಧಡ್ ಧಡ್ ಧಡ್. ಹಿಂದಕ್ಕ ಇಳಿಸಿ ಮತ್ತ ಏರಿಸಿದ್ರು, ಮತ್ತ ಧಡ್ ಧಡ್. ನಾ ಕೆಸರಿನಾಗ ಮೊಣಕಾಲಮಟ ನಿಂತು ನೂಕಾಕತ್ತಿದ್ದೆ. ಹೊತ್ತು ಏರಾಕತ್ತಿತ್ತು. ಆವಾಗ ಹಿಂದಿಂದ ಅತ್ಯಾ ಕೇಳಿದ್ರು:

"ಏನೋ, ನಿನ್ನ ಮಗ್ಗಲಕ್ಕ ಕೂತವ ಯಾವನು? ಆಗಿಂದ ಬೆಳ್ಳಗ ಕಾಣಸ್ಲಿಕ್ಕೆ ಹತ್ಯಾನ, ಒಂದು ಮಾತಾಡವಲ್ಲ. ಇಳದು ನೂಕಲಿಕ್ಕೆ ಏನಾಗ್ಯದ ಅವಂಗ?"

"ಯಾರೂ ಇಲ್ಲ ಅತ್ಯಾ. ಅದು ಕಲ್ಲು."

"ಯಾವ ಕಲ್ಲು?"

"ಬೀಸೂ ಕಲ್ಲು."

"ನನ್ನ ಬೀಸೂ ಕಲ್ಲು? ನಿನ್ನಿಯಿಂದ ಅಡಗಿಮನಿ ತುಂಬ ತಡವರಿಸಲಿಕ್ಕೆ ಹತ್ತೀನಲ್ಲೋ ಮೂಳಾ! ಕಣ್ಣು ಪೂರಾ ಹೋದ್ವು ಅಂತ ಅತ್ತೆ ನಾ!"

ಮಾಸ್ತರು ತಲಿ ತಗ್ಗಿಸಿದ್ರು. "ಭಾರಕ್ಕ ಇಟ್ಟೀನಿ. ಈ ಮೋಟಾರು ಮುಂದಿನ ಗಾಲೀಲೆ ಜಗ್ಗತದ. ಮುಂದ ಭಾರ ಇದ್ರ ಗಾಲಿ ನೆಲಾ ಹಿಡೀತಾವ."

"ಹಿಂದ ಭಾರ ಇದ್ರ?"

ಮಾಸ್ತರು ಬಗ್ಗಿ ಕಲ್ಲಿನ ಹಗ್ಗಾ ಮತ್ತೊಮ್ಮೆ ಬಿಗದ್ರು.

"ಹಿಂದ ಭಾರ ಇದ್ರ ಏನಾಗ್ತದೋ?"

"ಜಿಗೀತದ, ಅತ್ಯಾ."

"ಅಂದ್ರ ನಾ ಹಿಂದ ಕೂತು ಜಿಗಸ್ಲಿಕ್ಕೆ ಹತ್ತೀನಿ. ನಿನಗ ಇದು ಗೊತ್ತಿತ್ತೇನು?"

"ಮೊದಲ ದಿನದಿಂದ ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳಲಿ? ನಾ ಸಾಲಿಗೆ ಹೊಂಟ್ರ ಬಾಗಲಾ ಮುಚ್ಕೋತಿ. ಮುಂದ ಬಂದು ಕೂಡು ಅಂದಿದ್ರ ನೀ ಅಲ್ಲೇ ಇಳದು ಮನೀಗೆ ಹೋಗ್ತಿದ್ದಿ. ಅವತ್ತು ಬಸ್ಸಿನಿಂದ ಹೋದಂಗ." ಮಾಸ್ತರು ಹಿಂದ ಹೊಳ್ಳಿದ್ರು. "ಕುರುಡಿ ಆಗಿ ಕೂಡ್ತಿದ್ದಿ, ಅತ್ಯಾ."

ಅತ್ಯಾ ಸೆರಗಿನಿಂದ ಮೂಗು ಒರಸಿಕೊಂಡ್ರು. ಆಮ್ಯಾಲೆ ಸಿಟ್ಟಿಲೆ ಕೇಳಿದ್ರು, "ನಾ ಆ ಕಲ್ಲಿನಕಿಂತ ಕಡಿಮಿ ಭಾರ ಇದ್ದೀನೇನೋ?"

"ಎರಡು ಪಟ್ಟು ಇದ್ದೀ."

"ತಗಿ ಅದನ್ನ."

ಕಲ್ಲು ಇಳಿಸಿದವ ನಾನು. ನನ್ನ ನಡಾ ಇವತ್ತಿಗೂ ಆ ಕಲ್ಲಿನ ಹೆಸರು ಹೇಳತೈತಿ. ಅತ್ಯಾ ಕೆಸರಿನಾಗ ಕಾಲಿಟ್ಟು, ಮೋಟಾರು ಹಿಡಕೋತ ಮುಂದ ಬಂದು, ಸೀಟಿನ ಮ್ಯಾಲೆ ಧಪ್ಪಂತ ಕುಂತ್ರು. ಮೂತಿ ಕೆಳಗ ಇಳದದ್ದು ಕಣ್ಣಿಗೆ ಕಂಡಿತು. ಸೆರಗು ಗದ್ದದ ತನಕ ಎಳಕೊಂಡ್ರು.

"ಶಿಗ್ಗಾಂವಿ ಪ್ಯಾಟಿ ಮಂದಿ ನೋಡ್ತಾರೋ."

"ನೋಡ್ಲಿ."

"ಯಾರರ ಶುಭಕಾರ್ಯಕ್ಕ ಹೊಂಟಿರ್ತಾರ."

"ಹೋಗ್ಲಿ."

ಟೊಮೆಟೊ ಒತ್ತಿದಂಗ ಒತ್ತಿದ್ರು. ಗಾಲಿ ಒಮ್ಮೆ ಜಾರಿದ್ವು, ಆಮ್ಯಾಲೆ ಎರಿ ಮಣ್ಣು ಕಚ್ಚಿ ಹಿಡದ್ವು. ಒಂದ ಒಂದು ಜಿಗತ ಇಲ್ಲದ ಮೋಟಾರು ಏರು ಹತ್ತಿ ಹೋತು. ನಾನು, ಸೈಕಲ್ಲು, ಬೀಸೂ ಕಲ್ಲು ಕೆಳಗ ಉಳದ್ವಿ.

ಆಪರೇಷನ್ ಆತು. ಪಟ್ಟಿ ಬಿಚ್ಚೂ ತನಕ ಅತ್ಯಾ ಶಿಬಿರದಾಗ ಅಲ್ಲಾಡದ ಮಲಗಿ ಎಲ್ಲಾರನ್ನೂ ಬೈದ್ರಂತ. ಕರಕೊಂಡು ಬರಾಕ ನಾನೂ ಹೋಗಿದ್ದೆ. ದಪ್ಪ ಗ್ಲಾಸಿನ ಚಸ್ಮಾ ಕೊಟ್ಟಿದ್ರು. ಕಣ್ಣಿಗೆ ಜರ್ಕು ಆಗಬಾರದು, ಹುಷಾರಿ ಅಂತ ಡಾಕ್ಟರು ಮಾಸ್ತರಿಗೆ ಮತ್ತ ಮತ್ತ ಹೇಳಿದ್ರು. ಅತ್ಯಾ ಯಾರೂ ಹೇಳದಿದ್ರೂ ಮುಂದಿನ ಬಾಗಲಾ ತಗದು ಕುಂತ್ರು. ನನ್ನನ್ನ ಹಿಂದ ಕುಂಡ್ರಂದ್ರು. "ಕೂಡ್ಲಿ, ಅವರ ಭಾರ ಲೆಕ್ಕಕ್ಕಿಲ್ಲ" ಅಂದ್ರು ಮಾಸ್ತರು. ಸೆರಗು ಮಾರಿ ಮ್ಯಾಲೆ ಎಳಕೋ ಬೇಕಾದ್ರ, ಮಂದಿ ಅದ, ಅಂತ ಮಾಸ್ತರು ಮೆಲ್ಲಕ ಅಂದ್ರ, "ಮಾರಿ ಮುಚ್ಚಿಕೊಂಡು ಕೂಡೂದಿದ್ರ ಚಸ್ಮಾ ಯಾಕ?" ಅಂದ್ರು ಅತ್ಯಾ.

ಹಳ್ಳ ದಾಟಿ ಈಚಿ ದಂಡಿ ಏರು ಹತ್ತಾಕತ್ತಿದ್ವಿ. ನೆಲಾ ಇನ್ನೂ ಹಸಿ ಇತ್ತು. ಎದುರಿಗೆ ಎರಡು ಚಕ್ಕಡಿ ಬಂದ್ವು. ಎತ್ತಿನ ಕೋಡಿಗೆ ಹೂವು, ಒಳಗ ಹೊಸಾ ಬಟ್ಟಿ ಹಾಕ್ಕೊಂಡ ಮಂದಿ. ಹೆಣ್ಣು ನಿಶ್ಚೆ ಮಾಡಾಕ ಹೊಂಟಿದ್ರು. ಮುಂದಿನ ಚಕ್ಕಡಿಯೊಳಗ ರುಮಾಲಿನ ಹಿರಿಯರು, ಅವರ ಮಗ್ಗಲಕ್ಕ ಮದುಮಗ. ಹಿರಿಯರು ಅತ್ಯಾನ್ನ ಕಂಡ ಕೂಡ್ಲೆ ಚಕ್ಕಡಿ ನಡು ದಾರ್ಯಾಗ ನಿಲ್ಲಿಸಿ, ಎರಡೂ ಕೈ ಎತ್ತಿದ್ರು.

"ಏ, ನಿಂದರ್ಸ್ರಿ! ನಿಂದರ್ಸ್ರಿ ಮೋಟಾರು! ಛಲೋ ಕೆಲಸಕ್ಕ ಹೊಂಟೇವಿ. ಅಮ್ಮಾರನ್ನ ಒಂದೀಟು ಹಿಂದ ಕುಂದ್ರಸ್ರಿ, ನಾವು ದಾಟಿ ಹೋಗ್ತೇವಿ!"

ಅಲ್ಲಿ ನಿಲ್ಲಿಸಿದ್ರ ಮುಗೀತು. ಹಸಿ ಏರಿನಾಗ ನಿಂತು ಮತ್ತ ಎತ್ತಿದ್ರ ಧಡ್ ಧಡ್ ಅಂತ ಜಿಗ್ಯೂದ. ಹೊಸಾ ಕಣ್ಣು, ಅದಕ್ಕ ಆ ಪೆಟ್ಟು. ಮಾಸ್ತರು ಅತ್ಯಾನ ಕಡೆ ನೋಡಿದ್ರು. ತಿಳಿವಳಿಕಿ ಬಂದಾಗಿಂದ ಬಾಗಲಾ ಹಿಂದ ನಿಂತ ಹೆಣ್ಣಮಗಳು, ಈಗ 'ನಿಲ್ಲಸೋ, ಇಳೀತೀನಿ' ಅಂತಾರ ಅಂತ ನಾ ಖಾತ್ರಿ ಮಾಡ್ಕೊಂಡಿದ್ದೆ.

ಅತ್ಯಾ ಚಸ್ಮಾ ಸರಿ ಮಾಡ್ಕೊಂಡು, ನೆಟ್ಟಗ ಆ ಚಕ್ಕಡಿ ಕಡೆ ನೋಡಿದ್ರು.

"ನಿಲ್ಲಸಬ್ಯಾಡ," ಅಂದ್ರು. "ಹಾರ್ನ್ ಹೊಡಿ."

ಮಾಸ್ತರು ಹೊಡದ್ರು. ಹೊಡದ ಕೈ ತಗೀಲೇ ಇಲ್ಲ. ಎತ್ತುಗಳಿಗೆ ಶಕುನ ಗಿಕುನ ಗೊತ್ತಿಲ್ಲ ನೋಡ್ರಿ, ಬೆದರಿ ಚಕ್ಕಡಿ ಎಳಕೊಂಡು ಮಗ್ಗಲ ಹೊಲಕ್ಕ ಇಳದ್ವು. ದಾರಿ ಬಿಚ್ಚಿತು. ಹಿರಿಯರು ರುಮಾಲು ಹಿಡಕೊಂಡು ಬೈಯಾಕತ್ತಿದ್ರು. ಮಾಸ್ತರ ಕಣ್ಣಾಗ ನೀರು ಸುರಿಯಾಕತ್ತಿದ್ವು, ಆದ್ರೂ ಕಾಲು ಹಗೂರ ಇತ್ತು, ಮೋಟಾರು ಜಿಗೀಲಿಲ್ಲ.

ಚಕ್ಕಡಿ ದಾಟೂ ಮುಂದ ಅತ್ಯಾ ಕಿಡಕಿಯಾಗ ತಲಿ ಹಾಕಿ ಮದುಮಗನ್ನ ಪೂರಾ ನೋಡಿದ್ರು.

"ಹುಡುಗ ಛಂದ ಇದ್ದಾನೋ," ಅಂದ್ರು. "ಎಡಗಡೆ ಮೀಸಿ ಮಾತ್ರ ಒಂದೀಟು ಗಿಡ್ಡ ಕತ್ತರಿಸ್ಯಾರ."

ನಾ ಹಿಂದ ಹೊಳ್ಳಿ ನೋಡ್ದೆ. ಡ್ರಾಯಿಂಗ್ ಮಾಸ್ತರ ನಾನು, ನನಗ ಕಂಡಿರಲಿಲ್ಲ. ಖರೇನ ಗಿಡ್ಡ ಇತ್ತು.